ಕಂಪೈಲರ್ ಪ್ರಾಜೆಕ್ಟ್‌ಗೆ ಕ್ಲೌಡ್ ರನ್ನರ್ರಾ, ಸ್ವಂತ ಮಷೀನಾ?

ಕಂಪೈಲರ್ (ಕೋಡನ್ನ ಮಷೀನ್‌ಗೆ ಅರ್ಥ ಆಗೋ ಹಾಗೆ ಬದಲಿಸೋ ಪ್ರೋಗ್ರಾಂ) ಕೋಡ್ ಬದಲಾದಾಗ ಬಿಲ್ಡ್ ಒಡೆದಿದ್ಯಾ ಇಲ್ವಾ ನೋಡೋಕಷ್ಟೇ ಆದ್ರೆ ಗಿಟ್‌ಹಬ್ ಆಕ್ಷನ್ಸ್ ಥರದ ಕ್ಲೌಡ್ ರನ್ನರ್ (ನಮ್ಮ ಬಿಲ್ಡ್ ಓಡಿಸಿಕೊಡೋ ಬೇರೆಯವರ ಸರ್ವರ್) ಸಾಕು, ಪ್ರತಿ ಸಲ ಹೊಸ ಮಷೀನ್, ಹಳೇ ಕಸ ಉಳಿಯಲ್ಲ, ನೋಡ್ಕೊಳ್ಳೋ ತಲೆನೋವೂ ಇಲ್ಲ.

ಪರ್ಫಾರ್ಮೆನ್ಸ್ ಅಳೆಯೋಕೆ ಮಾತ್ರ ಅದನ್ನ ನಂಬ್ಬೇಡಿ. ಪಕ್ಕದಲ್ಲಿ ಇನ್ಯಾರದ್ದೋ ಕೆಲಸ ಓಡ್ತಿರತ್ತೆ, ಸಿಪಿಯು ಮಾಡೆಲ್ಲೇ ಬೇರೆ ಆಗಿರಬಹುದು, 2% ನಿಧಾನ ಆಗಿದ್ದು ನಿಮ್ಮ ಕಮಿಟ್‌ನಿಂದಾನಾ (ಕೋಡಲ್ಲಿ ಮಾಡಿದ ಬದಲಾವಣೆ) ಗದ್ದಲದಿಂದಾನಾ ಗೊತ್ತೇ ಆಗಲ್ಲ. ಅಲ್ಲಿ ಸ್ವಂತ ಮಷೀನೇ ಸರಿ, ಟರ್ಬೋ (ಸಿಪಿಯು ತಾನಾಗೇ ವೇಗ ಏರಿಸ್ಕೊಳ್ಳೋದು) ಆಫ್ ಮಾಡಿ ಒಂದ್ಸಲಕ್ಕೆ ಒಂದೇ ಕೆಲಸ ಓಡಿಸಿ, ಡಿಸ್ಕ್ ತುಂಬಿದ್ರೆ ರಾತ್ರಿ ಎದ್ದು ಖಾಲಿ ಮಾಡೋರೂ ನೀವೇ (ನಾನೂ ಮಾಡಿದೀನಿ). ಎಲ್‌ಎಲ್‌ವಿಎಂ ಅನ್ನೋ ಕಂಪೈಲರ್ ಪ್ರಾಜೆಕ್ಟ್‌ನವರ ಬಿಲ್ಡ್‌ಬಾಟ್ (ಬಿಲ್ಡ್, ಟೆಸ್ಟ್ ತಾನಾಗೇ ಓಡಿಸೋ ವ್ಯವಸ್ಥೆ) ಬೇರೆಬೇರೆಯವರು ಕೊಟ್ಟ ಮಷೀನ್‌ಗಳಲ್ಲೇ ಓಡತ್ತೆ. ರಸ್ಟ್ ಭಾಷೆಯ ಕಂಪೈಲರ್‌ನವರು ಸಮಯಕ್ಕಿಂತ ಇನ್‌ಸ್ಟ್ರಕ್ಷನ್ ಎಣಿಕೆನ (ಸಿಪಿಯು ಎಷ್ಟು ಆದೇಶ ಓಡಿಸ್ತು ಅನ್ನೋದನ್ನ) ಜಾಸ್ತಿ ನೋಡ್ತಾರೆ, ಅದು ಅಷ್ಟೊಂದು ಅಲುಗಾಡಲ್ಲ.

ದುಡ್ಡಿಲ್ವಾ? ಬಿಲ್ಡ್ ಕ್ಲೌಡಲ್ಲಿರಲಿ, ಬೆಂಚ್‌ಮಾರ್ಕ್‌ಗೆ (ವೇಗ ಅಳೆಯೋಕೆ) ಹಳೇ ಡೆಸ್ಕ್‌ಟಾಪ್ ಒಂದಿದ್ರೂ ನಡಿಯತ್ತೆ.