ಕಾಫಿ ಹೂ ಬಿಟ್ಟಾಗ ಅಬ್ಬಿ ನೋಡಲು ಹೋಗುವವರೇ, ಮೊದಲು ತಲೆ ಎತ್ತಿ ಬಂಡೆ ನೋಡಿ

ಮಾರ್ಚ್, ಏಪ್ರಿಲ್‌ನಲ್ಲಿ ಕೊಡಗಿನ ಕಡೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೆಜ್ಜೇನು ಕಚ್ಚಿ ನಮ್ಮ ಮನೆಯ ಇಬ್ಬರು ಆಸ್ಪತ್ರೆ ಸೇರಬೇಕಾಯಿತು. ಒಬ್ಬರು ಬದುಕಿದ್ದೇ ಹೆಚ್ಚು.

ಮೈಸೂರಿನಿಂದ ಆರು ಜನ ಹೋಗಿದ್ದೆವು. ನಾನು, ನನ್ನ ಹೆಂಡತಿ, ಅಕ್ಕ, ಭಾವ, ಅವರ ಮಗ, ಮಗಳು. ಕಕ್ಕಬ್ಬೆ ಹತ್ತಿರ ಹೋಂಸ್ಟೇ. ತಡಿಯಂಡಮೋಳ್ ಹತ್ತಬೇಕು ಅಂತ ಹುಡುಗನಿಗೆ ಆಸೆ ಇತ್ತು, 1748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ ಅಲ್ವಾ. ಆದರೆ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು. ನಾವು ಹೋದಾಗಲೂ ಬಂದ್ ಆಗಿತ್ತು. ಹಾಗಾಗಿ ನಾಲ್ಕುನಾಡು ಅರಮನೆ ನೋಡಿಕೊಂಡು, ಮಾರನೇ ದಿನ ಒಂದು ತೋಟದೊಳಗಿನ ಸಣ್ಣ ಅಬ್ಬಿಗೆ, ಅಂದರೆ ಜಲಪಾತಕ್ಕೆ, ಹೊರಟೆವು. ಮಾಲೀಕರ ಒಪ್ಪಿಗೆ ಕೇಳಿಯೇ ಹೋಗಿದ್ದು. ಜಾಗದ ಹೆಸರು ಬೇಡ. ಇಂಥ ಬಂಡೆ ಎಲ್ಲ ಕಡೆ ಇದೆ.

ಒಂಬತ್ತು ದಿನದ ಹಿಂದೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದಿತ್ತಂತೆ. ತೋಟ ಪೂರ್ತಿ ಬೆಳ್ಳಗೆ. ರೊಬಸ್ಟಾ ಕಾಫಿ ಗಿಡದ ಗೆಣ್ಣು ಗೆಣ್ಣಿಗೂ ಬಿಳಿ ಹೂವಿನ ಉಂಡೆ, ಎಲೆ ಕಾಣದಷ್ಟು. ಮಲ್ಲಿಗೆ ಬುಟ್ಟಿಗೆ ಮುಖ ಇಟ್ಟ ಹಾಗೆ ಘಮ. ಎರಡು ಮೂರು ದಿನಕ್ಕೆ ಈ ಹೂವು ಬಾಡಿ ಕಂದಾಗುತ್ತದೆ, ಸರಿಯಾದ ದಿನಕ್ಕೇ ಬಂದೆವು ಅಂತ ಎಲ್ಲರಿಗೂ ಖುಷಿ. ಇಡೀ ತೋಟ ಗುಂಯ್ ಅನ್ನುತ್ತಿತ್ತು. ಆ ಸದ್ದನ್ನೂ ನಾನು ವಿಡಿಯೋ ಮಾಡಿಕೊಂಡೆ. ಇಷ್ಟು ಜೇನು ಎಲ್ಲಿಂದ ಬಂತು, ಎಲ್ಲಿ ಕೂತಿದೆ ಅಂತ ಒಬ್ಬರಿಗೂ ಅನ್ನಿಸಲಿಲ್ಲ.

ಹೊರಡುವಾಗ ಹೋಂಸ್ಟೇ ಹುಡುಗ, "ಸಾರ್, ಬಂಡೆ ಹತ್ತಿರ ಹೊಗೆ ಹಾಕಬೇಡಿ" ಅಂದಿದ್ದ. ಕಾಡಿಗೆ ಬೆಂಕಿ ಬೀಳಬಾರದು ಅಂತ ಹೇಳುತ್ತಿದ್ದಾನೆ ಅಂದುಕೊಂಡೆ. ಯಾಕೆ ಅಂತ ಒಂದು ಮಾತು ಕೇಳಬೇಕಿತ್ತು.

ಅಬ್ಬಿಯಲ್ಲಿ ನೀರು ಸಣ್ಣಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಮುಂದಕ್ಕೆ ಚಾಚಿದ ದೊಡ್ಡ ಬಂಡೆ, ಕೆಳಗೆ ಒಳ್ಳೆ ನೆರಳು. ಅಕ್ಕನ ಮಗಳು ಮೇಲೆ ನೋಡಿ, "ಮಾಮ, ಅಲ್ಲಿ ಕಪ್ಪು ಬಟ್ಟೆ ನೇತು ಹಾಕಿದ್ದಾರೆ" ಅಂದಳು. ಅರ್ಧಚಂದ್ರದ ಆಕಾರ, ಮೊರಕ್ಕಿಂತ ದೊಡ್ಡದು, ಅಂಥವು ನಾಲ್ಕು. ಪಾಚಿ ಇರಬೇಕು ಅಂದೆ. ನಾನು ನೋಡುತ್ತಿರುವಾಗಲೇ ಒಂದರ ಮೇಲೆ ಗದ್ದೆಗೆ ಗಾಳಿ ಬೀಸಿದ ಹಾಗೆ ಮಿರಮಿರ ಅಂತ ಒಂದು ಅಲೆ ಓಡಿತು. ಚೆನ್ನಾಗಿದೆ ಅನ್ನಿಸಿತು, ಅಷ್ಟೇ.

ಅದು ಎಚ್ಚರಿಕೆ ಅಂತ ಆಮೇಲೆ ತಿಳಿಯಿತು. ಹೆಜ್ಜೇನು ತುಡುವೆ ಜೇನಿನ ಹಾಗೆ ಪೊಟರೆಯಲ್ಲಿ ಗೂಡು ಕಟ್ಟುವುದಿಲ್ಲ. ಒಂದೇ ಎರಿ (ಮೇಣದ ಹುಟ್ಟು), ಬಯಲಲ್ಲಿ ನೇತಾಡುತ್ತಿರುತ್ತದೆ. ಹುಳಗಳೇ ಒಂದರ ಮೇಲೊಂದು ಕೂತು ಪರದೆಯ ಹಾಗೆ ಅದನ್ನು ಮುಚ್ಚಿರುತ್ತವೆ. ಹತ್ತಿರ ಏನಾದರೂ ಅಲುಗಾಡಿದರೆ ಹೊಟ್ಟೆ ಎತ್ತಿ ಹೀಗೆ ಅಲೆ ಎಬ್ಬಿಸುತ್ತವೆ. ಅಲೆ ಕಂಡರೆ ಸದ್ದಿಲ್ಲದೆ ಹಿಂದೆ ಬಂದುಬಿಡಬೇಕು.

ನಾವು ಅದರ ಕೆಳಗೇ ಮೂರು ಕಲ್ಲಿಟ್ಟು ಮ್ಯಾಗಿ ಮಾಡಲು ಪುರಲೆ ಹಚ್ಚಿದೆವು. ಹಚ್ಚಿದವನು ನಾನೇ.

ಹೊಗೆ ನೇರ ಮೇಲೆ ಹೋಯಿತು. ಒಂದು ನಿಮಿಷವೂ ಆಗಿರಲಿಲ್ಲ. ಮೊದಲು ಭಾವನ ಕಿವಿಗೆ ಒಂದು ಕಚ್ಚಿತು. ಅವರು ಟವೆಲ್ ಬೀಸಿದರು. ಅಷ್ಟೇ, ಆಮೇಲೆ ಕಣ್ಣು ಬಿಡಲು ಆಗಲಿಲ್ಲ. ಒಂದು ಹುಳ ಚುಚ್ಚಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಬರುತ್ತದೆ, ಉಳಿದ ಹುಳಗಳಿಗೆ ಅದೇ ಕರೆ. ಬೀಸಿದಷ್ಟೂ ಜಾಸ್ತಿ ಬರುತ್ತವೆ. ಅಕ್ಕನ ಹುಡುಗ ನೀರಿಗೆ ಹಾರಿದ. ತಲೆ ಎತ್ತಿದಾಗಲೆಲ್ಲ ಮುಖಕ್ಕೇ ಮುತ್ತಿದವು. ನೀರಿಗಿಳಿದರೆ ಬಿಡುತ್ತವೆ ಅನ್ನುವುದನ್ನು ನಂಬಬೇಡಿ, ಮೇಲೆಯೇ ಸುತ್ತುತ್ತಾ ಕಾಯುತ್ತವೆ.

ಅವನನ್ನು ಎಳೆದುಕೊಂಡು ಕಾಫಿ ಗಿಡಗಳ ನಡುವೆ ಓಡಿದೆವು. ತುಂಬಾ ದೂರ ಅಟ್ಟಿಸಿಕೊಂಡು ಬಂದವು. ಕೊನೆಗೆ ತೋಟದ ಕೆಲಸಗಾರರ ಲೈನ್ ಮನೆಯ ಒಬ್ಬರು ಅಮ್ಮ ಬಾಗಿಲು ತೆಗೆದು ನಮ್ಮನ್ನು ಒಳಗೆ ನೂಕಿ, ಹುಡುಗನ ಮೇಲೆ ಕಂಬಳಿ ಹೊದಿಸಿ ಬಾಗಿಲು ಹಾಕಿಕೊಂಡರು. ಅವರು ಕೇಳಿದ ಮೊದಲ ಮಾತು, "ಹೊಗೆ ಹಾಕಿದಿರಾ?"

ಆಮೇಲೆ ಚಾಕುವಿನ ಹಿಂಬದಿಯಿಂದ ಮುಳ್ಳು ಕೆರೆದು ತೆಗೆದರು. ಚರ್ಮದಲ್ಲಿ ಉಳಿದ ಮುಳ್ಳಿನ ಜೊತೆ ವಿಷದ ಚೀಲವೂ ಇರುತ್ತದೆ, ಅದು ಒಳಗೆ ವಿಷ ಬಿಡುತ್ತಲೇ ಇರುತ್ತದೆ. ಕೆರೆಯುವುದೋ ಕೀಳುವುದೋ ಅಂತ ಯೋಚಿಸುತ್ತಾ ಕೂರಬೇಡಿ, ಬೇಗ ತೆಗೆಯಿರಿ. ಹುಡುಗನ ಕುತ್ತಿಗೆಯಲ್ಲೇ ನಲವತ್ತು ಎಣಿಸಿದೆ.

ಭಾವನಿಗೆ ಕಚ್ಚಿದ್ದು ಏಳೆಂಟು ಮಾತ್ರ. ಆದರೆ ಕಷ್ಟ ಆಗಿದ್ದು ಅವರಿಗೇ. ಹತ್ತು ನಿಮಿಷದಲ್ಲಿ ತುಟಿ ಊದಿತು, ಮೈಯೆಲ್ಲ ದದ್ದು, ಧ್ವನಿ ಒಡೆಯಿತು, ಉಸಿರು ಸಿಳ್ಳೆ ಹೊಡೆಯತೊಡಗಿತು. ಅಕ್ಕನ ಬ್ಯಾಗಿನಲ್ಲಿದ್ದ ಅಲರ್ಜಿ ಮಾತ್ರೆ ಸಿಟ್ರಿಜಿನ್ ಕೊಟ್ಟೆವು. ಇಂಥ ಹೊತ್ತಲ್ಲಿ ಆ ಮಾತ್ರೆ ಸಾಲದು, ಅಡ್ರಿನಲಿನ್ ಇಂಜೆಕ್ಷನ್ನೇ ಬೇಕು. ಮೊಬೈಲಿಗೆ ಸಿಗ್ನಲ್ ಇಲ್ಲ, 108ಕ್ಕೆ ಕರೆ ಹೋಗುತ್ತಿಲ್ಲ. ತೋಟದ ಜೀಪಿನಲ್ಲಿ ಮಲಗಿಸಿಕೊಂಡು ಹೋದೆವು. ದಾರಿಯಲ್ಲಿ ಎರಡು ಸಲ ಅವರ ಕಣ್ಣು ಮೇಲೆ ಹೋಯಿತು. ಅಕ್ಕ ಅವರ ಕೆನ್ನೆ ತಟ್ಟುತ್ತಾ "ರೀ, ರೀ" ಅನ್ನುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಉಸಿರು ಸಡಿಲವಾಯಿತು.

ಹುಡುಗ ಆರಾಮಾಗಿದ್ದಾನೆ, ಮನೆಗೆ ಕರೆದುಕೊಂಡು ಹೋಗೋಣ ಅಂದುಕೊಂಡಿದ್ದೆವು. ಡಾಕ್ಟರು ಬಿಡಲಿಲ್ಲ. ಮಾರನೇ ಬೆಳಿಗ್ಗೆ ಅವನ ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗಿತ್ತು. ತುಂಬಾ ಹುಳ ಕಚ್ಚಿದರೆ ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು ಬೀಳುತ್ತದಂತೆ. ಐದು ದಿನ ಡ್ರಿಪ್ ಹಾಕಿ, ದಿನಾ ರಕ್ತ ಪರೀಕ್ಷೆ ಮಾಡಿದರು. ಹೆಚ್ಚು ಕಚ್ಚಿಸಿಕೊಂಡವರು ನೋವು ಕಮ್ಮಿ ಆಯಿತು ಅಂತ ದಯವಿಟ್ಟು ಸುಮ್ನೆ ಮನೆಗೆ ಹೋಗಬೇಡಿ.

ಅಬ್ಬಿ ಹತ್ತಿರ ಹೋದ ತಕ್ಷಣ ಬಂಡೆಯ ಚಾಚು, ಎತ್ತರದ ಮರದ ಕೊಂಬೆ ಎಲ್ಲ ನೋಡಿ. ಎರಿ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಬೆಂಕಿ, ಸಿಗರೇಟು, ಸೆಂಟು, ಡ್ರೋನು ಯಾವುದೂ ಬೇಡ. ಮಕ್ಕಳು ಕಲ್ಲು ಎಸೆಯದ ಹಾಗೆ ನೋಡಿಕೊಳ್ಳಿ. ಹುಳ ಎದ್ದುಬಿಟ್ಟರೆ ಮುಖ, ತಲೆ ಮುಚ್ಚಿಕೊಂಡು ಓಡಿ, ಬಾಗಿಲು ಇರುವ ಕಡೆ ಸೇರಿಕೊಳ್ಳಿ. ಮೊದಲೊಮ್ಮೆ ಜೇನು ಕಚ್ಚಿ ಮೈ ಊದಿದವರು ಡಾಕ್ಟರನ್ನು ಕೇಳದೆ ಈ ಸಮಯದಲ್ಲಿ ಹೋಗಲೇಬೇಡಿ. ಭಾವನಿಗೆ ಚಿಕ್ಕಂದಿನಲ್ಲಿ ಹಾಗೆ ಆಗಿತ್ತಂತೆ. ನಮಗೆ ಹೇಳಿರಲಿಲ್ಲ.

ಜೂನ್‌ನಲ್ಲಿ ಆ ಅಮ್ಮನಿಗೆ ಹೊಸ ಕಂಬಳಿ ಕೊಡಲು ಹೋಗಿದ್ದೆವು. ಮಳೆ ಹಿಡಿದಿತ್ತು, ಅಬ್ಬಿ ತುಂಬಿ ಭೋರ್ಗರೆಯುತ್ತಿತ್ತು. ದೂರದಿಂದಲೇ ನೋಡಿದೆ. ಬಂಡೆ ಕೆಳಗೆ ಹುಳ ಇರಲಿಲ್ಲ, ಮೇಣ ಅಂಟಿದ ನಾಲ್ಕು ಗುರುತು ಮಾತ್ರ ಇತ್ತು. "ಹೂವಿಗೆ ಮತ್ತೆ ಅಲ್ಲಿಗೇ ಬರ್ತವೆ" ಅಂದರು ಅವರು.