ಪಿಬಿಆರ್ ಇರುವ ಒಂದು ಲೇಯರ್ 3 ಸ್ವಿಚ್: ಎಂಟು ತಿಂಗಳು ಬಳಸಿದ ಮೇಲೆ

ರೂಟಿಂಗನ್ನೂ, ಅಂದರೆ ಡೇಟಾ ತುಣುಕುಗಳಿಗೆ (ಪ್ಯಾಕೆಟ್) ದಾರಿ ಆರಿಸುವ ಕೆಲಸವನ್ನೂ, ಮಾಡುವ ಈ 24 ಪೋರ್ಟಿನ ಲೇಯರ್ 3 ಸ್ವಿಚ್ಚನ್ನು ನಾನು ಆರಿಸಿದ್ದು ಒಂದೇ ಕಾರಣಕ್ಕೆ. ಅದರ ವಿವರಗಳ ಪಟ್ಟಿಯಲ್ಲಿ ‘ಪಾಲಿಸಿ ಬೇಸ್ಡ್ ರೂಟಿಂಗ್’ (ಪಿಬಿಆರ್, ಅಂದರೆ ನಾವು ಹೇಳಿದ ನಿಯಮದಂತೆ ದಾರಿ ಆರಿಸುವುದು) ಎಂಬ ಸಾಲು ಇತ್ತು. ಈಗ ಎಂಟು ತಿಂಗಳಿಂದ ನಮ್ಮ ಆಫೀಸಿನ ಕೋರ್ ಸ್ವಿಚ್ ಇದೇ. ಸುಮಾರು 120 ಜನರ ಟ್ರಾಫಿಕ್ ಇದರ ಮೇಲೆ ಹೋಗುತ್ತದೆ. ಕಂಪನಿಯ ಹೆಸರು ಬೇಡ. ನಾನು ಎಡವಿದ ಜಾಗಗಳಲ್ಲಿ ಹೆಚ್ಚಿನವು ಇದೇ ದರ್ಜೆಯ ಬೇರೆ ಸ್ವಿಚ್‌ಗಳಲ್ಲೂ ಇವೆ, ಯಾವುದನ್ನು ತೆಗೆದುಕೊಂಡರೂ ನಿಮಗೆ ಇವು ಎದುರಾಗಬಹುದು. ಸ್ವಿಚ್ಚಿನ ಮೈಕಟ್ಟು ಗಟ್ಟಿಯಾಗಿದೆ, ಫ್ಯಾನ್ ಸದ್ದು ಕಡಿಮೆ, ಪೋರ್ಟ್‌ಗಳು ಒಂದೂ ಕೆಟ್ಟಿಲ್ಲ. ಆ ಬಗ್ಗೆ ಇಷ್ಟು ಸಾಕು. ಪಿಬಿಆರ್ ವಿಷಯವೇ ಬೇಕಾದಷ್ಟಿದೆ.

ನಮ್ಮ ಅಗತ್ಯ ತುಂಬ ಸರಳ. ಹೊರಗೆ ಹೋಗಲು ಎರಡು ಲೈನ್ ಇವೆ. ಒಂದು ಲೀಸ್ಡ್ ಲೈನ್, ವೇಗ ಕಡಿಮೆ ಆದರೆ ನಂಬಬಹುದು. ಇನ್ನೊಂದು ಬ್ರಾಡ್‌ಬ್ಯಾಂಡ್, ವೇಗ ಜಾಸ್ತಿ, ಆಗಾಗ ಕೈಕೊಡುತ್ತದೆ. ಲೆಕ್ಕಪತ್ರದವರು ಮತ್ತು ಸರ್ವರ್‌ಗಳು ಇರುವ ವಿಲ್ಯಾನ್ 10 (ವಿಲ್ಯಾನ್ ಎಂದರೆ ಸ್ವಿಚ್ಚಿನಲ್ಲಿ ಬೇರ್ಪಡಿಸಿದ ಒಂದು ನೆಟ್‌ವರ್ಕ್) ಲೀಸ್ಡ್ ಲೈನಿನಲ್ಲಿ ಹೋಗಬೇಕು. ಉಳಿದ ಸಿಬ್ಬಂದಿಯ ವಿಲ್ಯಾನ್ 20 ಬ್ರಾಡ್‌ಬ್ಯಾಂಡ್ ಹಿಡಿಯಬೇಕು. ಇದನ್ನು ಮಾಮೂಲಿ ರೂಟಿಂಗ್‌ನಿಂದ ಮಾಡಲು ಆಗುವುದಿಲ್ಲ. ಅಂಚೆಯವರು ಕಾಗದ ವಿಂಗಡಿಸುವ ಹಾಗೆ, ರೂಟಿಂಗ್ ಟೇಬಲ್ ನೋಡುವುದು ‘ಇವರಿಗೆ’ ಎಂಬ ವಿಳಾಸವನ್ನು ಮಾತ್ರ. ‘ಇವರಿಂದ’ ಎಂಬುದರ ಕಡೆ ಕಣ್ಣೇ ಹಾಯಿಸುವುದಿಲ್ಲ. ನಮ್ಮಲ್ಲಿ ಇಬ್ಬರಿಗೂ ಹೋಗಬೇಕಾದದ್ದು ಅದೇ ಇಂಟರ್ನೆಟ್‌ಗೆ, ಬೇರೆ ಇರುವುದು ‘ಇವರಿಂದ’ ಮಾತ್ರ. ಪಿಬಿಆರ್ ನೋಡುವುದು ಅದನ್ನೇ. ಬೇಕಿದ್ದರೆ ಪ್ರೋಟೋಕಾಲ್, ಪೋರ್ಟ್ ನಂಬರ್‌ಗಳನ್ನೂ ನೋಡುತ್ತದೆ.

ಮೊದಲ ದಿನವೇ ಒಂದು ಅಡ್ಡಿ. ಯಾವ ಟ್ರಾಫಿಕ್ಕಿಗೆ ಯಾವ ದಾರಿ ಎಂದು ಹೇಳುವ ರೂಟ್ ಮ್ಯಾಪ್ ಬರೆದೆ, ವಿಲ್ಯಾನ್ ಇಂಟರ್‌ಫೇಸಿಗೆ ಹಚ್ಚಿದೆ. ಕಮಾಂಡ್ ತಪ್ಪು ಎನ್ನಲಿಲ್ಲ, ಆದರೆ ಕಾನ್ಫಿಗರೇಶನ್ ತೆರೆದು ನೋಡಿದರೆ ಆ ಸಾಲೇ ಇಲ್ಲ! ಲಾಗ್‌ನಲ್ಲಿ ಮಾತ್ರ ‘ಸಂಪನ್ಮೂಲ ಇಲ್ಲ’ ಎಂಬ ಅರ್ಥದ ಒಂದು ಸಂದೇಶ ಬಂದಿತ್ತು. ಕಾರಣ ಟಿಕ್ಯಾಮ್ (TCAM) ಎಂಬ ವಿಶೇಷ ಮೆಮೊರಿ. ಸ್ವಿಚ್ ಬಳಸುವ ಎಲ್ಲರೂ ಇದನ್ನು ಒಮ್ಮೆ ತಿಳಿದುಕೊಳ್ಳಬೇಕು ಎಂದು ನನ್ನ ಆಸೆ. ಮಾಮೂಲಿ ಮೆಮೊರಿಗೆ ನಾವು ಜಾಗದ ನಂಬರ್ ಕೊಟ್ಟರೆ ಅದು ಅಲ್ಲಿರುವ ವಿಷಯವನ್ನು ಕೊಡುತ್ತದೆ. ಟಿಕ್ಯಾಮ್ ಇದಕ್ಕೆ ಉಲ್ಟಾ. ವಿಷಯ ಕೊಟ್ಟರೆ ಅದು ಎಲ್ಲಿದೆ ಎಂದು ಒಂದೇ ಏಟಿಗೆ ಹೇಳುತ್ತದೆ. ಅದರಲ್ಲಿ ಒಂದೊಂದು ಬಿಟ್ಟೂ 0 ಇರಬಹುದು, 1 ಇರಬಹುದು, ಇಲ್ಲವೇ ‘ಯಾವುದಾದರೂ ಸರಿ’ ಎಂದಿರಬಹುದು. ಅದಕ್ಕೇ ಇಡೀ ಸಬ್‌ನೆಟ್ (ವಿಳಾಸಗಳ ಒಂದು ಗುಂಪು) ಒಂದೇ ಸಾಲಿನಲ್ಲಿ ಕೂರುತ್ತದೆ, ಹುಡುಕಾಟವೂ ಅಷ್ಟು ವೇಗ. ಆದರೆ ಟಿಕ್ಯಾಮ್ ದುಬಾರಿ, ಕರೆಂಟೂ ಹೆಚ್ಚು ಎಳೆಯುತ್ತದೆ. ಹಾಗಾಗಿ ಸ್ವಿಚ್‌ಗಳಲ್ಲಿ ಸ್ವಲ್ಪವೇ ಇರುತ್ತದೆ. ಆ ಸ್ವಲ್ಪವನ್ನೇ ಮ್ಯಾಕ್ ವಿಳಾಸ (ಸಾಧನದ ಹಾರ್ಡ್‌ವೇರ್ ವಿಳಾಸ), ರೂಟ್, ಆಕ್ಸೆಸ್ ಲಿಸ್ಟ್, ಪಿಬಿಆರ್ ಎಂದು ಪಾಲು ಮಾಡಿರುತ್ತಾರೆ. ಈ ಪಾಲಿಗೆ ಟೆಂಪ್ಲೇಟ್ ಎನ್ನುತ್ತಾರೆ. ನನ್ನ ಸ್ವಿಚ್ ಪೆಟ್ಟಿಗೆಯಿಂದ ಬಂದಾಗಿನ ಟೆಂಪ್ಲೇಟಿನಲ್ಲಿ ಪಿಬಿಆರ್ ಪಾಲಿಗೆ ಇದ್ದದ್ದು ಸೊನ್ನೆ. ರೂಟಿಂಗ್ ಟೆಂಪ್ಲೇಟ್ ಆರಿಸಿ ಸ್ವಿಚ್ಚನ್ನು ಮತ್ತೆ ಬೂಟ್ ಮಾಡಿದ ಮೇಲೆ 512 ಸಾಲುಗಳಿಗೆ ಜಾಗ ಸಿಕ್ಕಿತು. ಅಲ್ಲಿಗೆ ಮ್ಯಾಕ್ ವಿಳಾಸಗಳ ಜಾಗ ಕುಗ್ಗಿತು, ಆದರೆ ನಮಗೆ ಅಷ್ಟು ಧಾರಾಳವಾಗಿ ಸಾಕು. ಕೋರ್ ಸ್ವಿಚ್ ಬೂಟ್ ಮಾಡುವುದೆಂದರೆ ಇಡೀ ಆಫೀಸು ನಿಲ್ಲುತ್ತದೆ ಅಲ್ವಾ? ಹೊಸ ಸ್ವಿಚ್ಚನ್ನು ರ‍್ಯಾಕಿಗೆ ಏರಿಸುವ ಮೊದಲೇ, ಮೇಜಿನ ಮೇಲಿದ್ದಾಗಲೇ, ಇದನ್ನು ಮುಗಿಸಿಬಿಡಿ.

ಆಮೇಲಿನ ಕೆಲಸ ಮೂರು ತುಂಡು. ಯಾರ ಟ್ರಾಫಿಕ್ ಎಂದು ಹೇಳುವ ಆಕ್ಸೆಸ್ ಲಿಸ್ಟ್ ಒಂದು. ಆ ಲಿಸ್ಟ್ ಹೊಂದಿದರೆ ನೆಕ್ಸ್ಟ್ ಹಾಪ್ (ಪ್ಯಾಕೆಟ್ಟನ್ನು ಮುಂದೆ ಯಾರ ಕೈಗೆ ಕೊಡಬೇಕೋ ಅವರ ವಿಳಾಸ) 192.168.2.1, ಅಂದರೆ ಬ್ರಾಡ್‌ಬ್ಯಾಂಡ್ ರೂಟರ್, ಎಂದು ಹೇಳುವ ರೂಟ್ ಮ್ಯಾಪ್ ಎರಡನೆಯದು. ಆ ರೂಟ್ ಮ್ಯಾಪನ್ನು ವಿಲ್ಯಾನ್ 20ರ ಇಂಟರ್‌ಫೇಸಿಗೆ ಹಚ್ಚುವುದು ಮೂರನೆಯದು. ಹಚ್ಚಬೇಕಾದದ್ದು ಪ್ಯಾಕೆಟ್ ಒಳಗೆ ಬರುವ ಕಡೆ, ಹೊರಗೆ ಹೋಗುವ ಕಡೆ ಅಲ್ಲ. ನೆಕ್ಸ್ಟ್ ಹಾಪ್ ಸ್ವಿಚ್ಚಿಗೆ ನೇರವಾಗಿ ತಾಗಿಕೊಂಡಿರುವ ನೆಟ್‌ವರ್ಕಿನಲ್ಲೇ ಇರಬೇಕು. ಬ್ರಾಡ್‌ಬ್ಯಾಂಡ್ ರೂಟರಿಗೂ ವಿಲ್ಯಾನ್ 20ರ 10.10.20.0 ನೆಟ್‌ವರ್ಕಿಗೆ ಹಿಂದಿರುಗುವ ದಾರಿ ಈ ಸ್ವಿಚ್ ಎಂದು ಹೇಳಿಕೊಡಬೇಕು. ಇದು ಬಿಟ್ಟುಹೋದರೆ ಪ್ಯಾಕೆಟ್ ಹೋಗುತ್ತದೆ, ಉತ್ತರ ಬರುವುದಿಲ್ಲ. ನಾವು ಸುಮ್ನೆ ಸ್ವಿಚ್ಚನ್ನು ಬೈಯುತ್ತಾ ಕೂರುತ್ತೇವೆ.

ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಆಕ್ಸೆಸ್ ಲಿಸ್ಟಿನಲ್ಲಿ. ‘10.10.20.0ರಿಂದ ಎಲ್ಲಿಗಾದರೂ’ ಎಂದು ಒಂದೇ ಸಾಲು ಬರೆದಿದ್ದೆ. ಹಚ್ಚಿದ ಕೂಡಲೇ ನನ್ನ ಲ್ಯಾಪ್‌ಟಾಪಿನಿಂದ ಸ್ವಿಚ್ಚಿನ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ಸಂಪರ್ಕ) ಕಡಿದುಹೋಯಿತು. ಒಂದು ನಿಮಿಷದಲ್ಲಿ ಫೋನ್. “ಸರ್, ಪ್ರಿಂಟರ್ ಕಾಣ್ತಿಲ್ಲ. ಫೈಲ್ ಸರ್ವರೂ ಓಪನ್ ಆಗ್ತಿಲ್ಲ.” ಯೋಚಿಸಿದರೆ ತಪ್ಪು ಸ್ಪಷ್ಟ. ‘ಎಲ್ಲಿಗಾದರೂ’ ಎಂದರೆ ಪಕ್ಕದ ವಿಲ್ಯಾನಿಗೂ ಸೇರಿ. ಸ್ವಿಚ್ಚಿನ ಸ್ವಂತ ವಿಳಾಸಕ್ಕೂ ಸೇರಿ. ಪ್ರಿಂಟರಿಗೆ ಹೋಗಬೇಕಾದ ಪ್ಯಾಕೆಟ್ಟನ್ನೂ ಸ್ವಿಚ್ ವಿಧೇಯವಾಗಿ ಬ್ರಾಡ್‌ಬ್ಯಾಂಡ್ ರೂಟರಿನ ಕೈಗೆ ಕೊಟ್ಟಿತ್ತು. ಸ್ವಿಚ್ಚಿಗೆ ನೇರವಾಗಿ ಚುಚ್ಚುವ ಕನ್ಸೋಲ್ ಕೇಬಲ್ ಹಿಡಿದು ಸರ್ವರ್ ರೂಮಿಗೆ ಓಡಿ ಆ ಪಾಲಿಸಿಯನ್ನು ತೆಗೆದೆ. ಅಂದಿನಿಂದ ಇಂಥ ಬದಲಾವಣೆಗೆ ಮೊದಲು, ಹತ್ತು ನಿಮಿಷದ ನಂತರ ತಾನಾಗಿ ರೀಲೋಡ್ ಆಗುವಂತೆ ಹೇಳಿ ಇಡುತ್ತೇನೆ. ಎಲ್ಲ ಸರಿ ಇದ್ದರೆ ಅದನ್ನು ರದ್ದು ಮಾಡಿ ಆಮೇಲೆ ಸೇವ್ ಮಾಡುವುದು. ಕೈತಪ್ಪಿದರೆ ಹಳೆಯ ಕಾನ್ಫಿಗರೇಶನ್ನಿಗೆ ಅದೇ ಮರಳುತ್ತದೆ.

ಸರಿಪಡಿಸಲು ನಾನು ಮಾಡಿದ ಮೊದಲ ಪ್ರಯತ್ನವೂ ಪೂರ್ತಿ ಸರಿ ಇರಲಿಲ್ಲ. ಲಿಸ್ಟಿನ ಮೇಲುಗಡೆ ‘10.10.0.0ಗೆ ಹೋಗುವುದಾದರೆ ಡಿನೈ’ ಎಂದು ಒಂದು ಸಾಲು ಸೇರಿಸಿದೆ. ಇಲ್ಲಿ ಡಿನೈ ಎಂದರೆ ಪ್ಯಾಕೆಟ್ ಬಿಸಾಡು ಎಂದಲ್ಲ. ‘ಇದಕ್ಕೆ ಪಾಲಿಸಿ ಬೇಡ, ಮಾಮೂಲಿ ರೂಟಿಂಗ್ ನೋಡಿಕೊಳ್ಳಲಿ’ ಎಂದು ಅರ್ಥ. ಫೈರ್‌ವಾಲ್ ಅಭ್ಯಾಸವಿದ್ದವರಿಗೆ ಇದು ಮೊದಲು ಗೊಂದಲ ಮಾಡುತ್ತದೆ. ಪ್ರಿಂಟರ್ ಬಂತು, ಫೈಲ್ ಸರ್ವರ್ ಬಂತು. ಆದರೆ ಸಂಜೆ ನೋಡಿದರೆ ಸ್ವಿಚ್ಚಿನ ಸಿಪಿಯು ಶೇಕಡಾ 60ರ ಮೇಲೆ ಕುಣಿಯುತ್ತಿದೆ. ಮಾಮೂಲಿಗೆ 10 ದಾಟುತ್ತಿರಲಿಲ್ಲ. ಕೈಪಿಡಿಯನ್ನು ಸಾಲು ಸಾಲಾಗಿ ಓದಿದಾಗ ಒಂದು ಕಡೆ, ಯಾರ ಕಣ್ಣಿಗೂ ಬೀಳದ ಹಾಗೆ, ಹೀಗೆ ಬರೆದಿತ್ತು: ಪಿಬಿಆರ್‌ಗೆ ಬಳಸುವ ಆಕ್ಸೆಸ್ ಲಿಸ್ಟಿನಲ್ಲಿ ಡಿನೈ ಸಾಲು ಇದ್ದರೆ ಅದಕ್ಕೆ ಹೊಂದುವ ಪ್ಯಾಕೆಟ್‌ಗಳು ಸಿಪಿಯುಗೆ ಹೋಗುತ್ತವೆ. ಅಂದರೆ ಫೈಲ್ ಸರ್ವರಿನ ಪೂರ್ತಿ ಟ್ರಾಫಿಕ್ ಹಾರ್ಡ್‌ವೇರ್ ಬಿಟ್ಟು ಸಿಪಿಯು ತಲೆ ಮೇಲೆ ಕೂತಿತ್ತು. ಇಷ್ಟು ದೊಡ್ಡ ವಿಷಯವನ್ನು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು. ಈ ಸ್ವಿಚ್ಚಿನ ಬಗ್ಗೆ ನನಗಿರುವ ದೊಡ್ಡ ದೂರು ಇದೇ, ಸ್ವಿಚ್ಚಿಗಿಂತ ಅದರ ಕೈಪಿಡಿಯ ಮೇಲೆ.

ಕೊನೆಗೆ ಕೂತ ರೂಪ ಹೀಗಿದೆ. ಒಳಗಿನ ವಿಳಾಸಗಳಿಗೆ ‘ಪರ್ಮಿಟ್’ ಎಂದೇ ಬೇರೆ ಲಿಸ್ಟ್ ಮಾಡಿದೆ. ರೂಟ್ ಮ್ಯಾಪಿನಲ್ಲಿ ಅದನ್ನು ಮೊದಲ ಸೀಕ್ವೆನ್ಸಿಗೆ, ಅಂದರೆ ಮೊದಲ ಹಂತಕ್ಕೆ, ‘ಡಿನೈ’ ಎಂದು ಹಾಕಿದೆ. ಎರಡನೆಯ ಸೀಕ್ವೆನ್ಸಿನಲ್ಲಿ ಉಳಿದದ್ದನ್ನು ಬ್ರಾಡ್‌ಬ್ಯಾಂಡಿಗೆ ಕಳಿಸಿದೆ. ಸಿಪಿಯು ಮತ್ತೆ 10ರ ಒಳಗೆ ಬಂತು. ಎಲ್ಲ ಸ್ವಿಚ್‌ಗಳೂ ರೂಟ್ ಮ್ಯಾಪಿನ ಡಿನೈಯನ್ನು ಹಾರ್ಡ್‌ವೇರಿನಲ್ಲಿ ಮಾಡುವುದಿಲ್ಲ. ತೆಗೆದುಕೊಳ್ಳುವ ಮೊದಲು ಇದೊಂದನ್ನು ಕೇಳಿ ತಿಳಿದುಕೊಳ್ಳಿ.

ಇನ್ನು ಪರೀಕ್ಷೆಯ ವಿಷಯ. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇಲ್ಲೇ. ‘ಶೋ ಐಪಿ ಪಾಲಿಸಿ’ ಎಂದರೆ ಯಾವ ಇಂಟರ್‌ಫೇಸಿಗೆ ಯಾವ ರೂಟ್ ಮ್ಯಾಪ್ ಹಚ್ಚಿದೆ ಎಂದು ಸರಿಯಾಗಿ ತೋರಿಸುತ್ತದೆ. ‘ಶೋ ರೂಟ್-ಮ್ಯಾಪ್’ ಎಂದರೆ ಕೊನೆಯಲ್ಲಿ ಎಷ್ಟು ಪ್ಯಾಕೆಟ್ ಹೊಂದಿದವು ಎಂಬ ಲೆಕ್ಕ ಬರುತ್ತದೆ. ನನ್ನದರಲ್ಲಿ ಅದು 0 ಪ್ಯಾಕೆಟ್, 0 ಬೈಟ್. ಎರಡು ಗಂಟೆ ಆ ಸೊನ್ನೆಯನ್ನೇ ನಂಬಿ ಲಿಸ್ಟ್ ಅಳಿಸಿದೆ, ಮತ್ತೆ ಬರೆದೆ, ವಿಳಾಸದ ಯಾವ ಭಾಗ ಹೊಂದಬೇಕು ಎಂದು ಹೇಳುವ ವೈಲ್ಡ್‌ಕಾರ್ಡ್ ಮಾಸ್ಕ್ ಹತ್ತು ಸಲ ನೋಡಿದೆ. ಪಾಲಿಸಿ ಮೊದಲಿಂದಲೂ ಚೆನ್ನಾಗಿಯೇ ನಡೆಯುತ್ತಿತ್ತು! ಈ ಸ್ವಿಚ್ಚಿನ ಕೌಂಟರ್ ಎಣಿಸುವುದು ಸಿಪಿಯು ಮೂಲಕ ಹೋದ ಪ್ಯಾಕೆಟ್‌ಗಳನ್ನು ಮಾತ್ರ. ಹಾರ್ಡ್‌ವೇರಿನಲ್ಲಿ ಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಹೀಗೆ ನೋಡಿದರೆ ಸೊನ್ನೆ ಇರುವುದೇ ಒಳ್ಳೆಯದು. ಅಲ್ಲಿ ಸಂಖ್ಯೆ ಏರುತ್ತಿದ್ದರೆ ಚಿಂತೆ ಮಾಡಬೇಕು. ಡಿಬಗ್ ಕಮಾಂಡೂ ಅಷ್ಟೇ, ತೋರಿಸುವುದು ಸಿಪಿಯುಗೆ ಬಂದದ್ದನ್ನು ಮಾತ್ರ. ಜೊತೆಗೆ ಕೆಲಸದ ಹೊತ್ತಿನಲ್ಲಿ ಅದನ್ನು ಹಾಕಿದರೆ ಸ್ವಿಚ್ಚೇ ಉಸಿರುಗಟ್ಟಬಹುದು. ಹಾಕಬೇಡಿ.

ಸ್ವಿಚ್ಚಿನ ಮೇಲಿನಿಂದಲೇ ಪಿಂಗ್ ಮಾಡಿ ನೋಡುವುದೂ ಉಪಯೋಗಕ್ಕೆ ಬರುವುದಿಲ್ಲ. ಸ್ವಿಚ್ ತಾನೇ ಹುಟ್ಟಿಸಿದ ಪ್ಯಾಕೆಟ್ ಯಾವ ಇಂಟರ್‌ಫೇಸಿನಿಂದಲೂ ಒಳಗೆ ಬಂದದ್ದಲ್ಲ. ಹಾಗಾಗಿ ಅದಕ್ಕೆ ಇಂಟರ್‌ಫೇಸಿನ ಪಾಲಿಸಿ ತಾಗುವುದೇ ಇಲ್ಲ, ಅದು ಡೀಫಾಲ್ಟ್ ರೂಟ್ (ಬೇರೆ ದಾರಿ ಹೇಳದಿದ್ದಾಗ ಹಿಡಿಯುವ ದಾರಿ, ನಮ್ಮಲ್ಲಿ ಲೀಸ್ಡ್ ಲೈನ್) ಹಿಡಿಯುತ್ತದೆ. ನಿಜವಾದ ಉತ್ತರ ಸಿಕ್ಕಿದ್ದು ವಿಲ್ಯಾನ್ 20ರ ಒಂದು ಕಂಪ್ಯೂಟರಿನ ಮುಂದೆ ಕೂತಾಗ. ಪ್ಯಾಕೆಟ್ ಹೋಗುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಟ್ರೇಸ್‌ರೂಟ್ ಹಾಕಿದೆ. ಮೊದಲ ಹೆಜ್ಜೆ 10.10.20.1, ಅಂದರೆ ಈ ಸ್ವಿಚ್ಚೇ, ಎರಡನೆಯದು 192.168.2.1. ಅದೇ ಕೆಲಸವನ್ನು ವಿಲ್ಯಾನ್ 10ರಲ್ಲಿ ಮಾಡಿದೆ. ಎರಡನೆಯ ಹೆಜ್ಜೆ 192.168.1.1, ಲೀಸ್ಡ್ ಲೈನಿನ ರೂಟರ್. ಆ ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಆದ ಸಮಾಧಾನ ಇನ್ನೂ ನೆನಪಿದೆ. ಆಮೇಲೆ ಒಂದು ದೊಡ್ಡ ಫೈಲ್ ಡೌನ್‌ಲೋಡ್ ಹಾಕಿ, ಬ್ರಾಡ್‌ಬ್ಯಾಂಡ್ ಪೋರ್ಟಿನ ವೇಗದ ಅಂಕಿ ಏರುವುದನ್ನೂ ಕಣ್ಣಾರೆ ನೋಡಿದೆ. ಟಿಕ್ಯಾಮ್ ಎಷ್ಟು ತುಂಬಿದೆ ಎಂದು ತೋರಿಸುವ ಕಮಾಂಡ್ ಇದರಲ್ಲಿ ಇದೆ, ಓದಲೂ ಸುಲಭ. ಹೊಸ ಸಾಲು ಸೇರಿಸಿದಾಗಲೆಲ್ಲ ಅದನ್ನು ನೋಡುತ್ತೇನೆ.

ನನಗೆ ತುಂಬ ಇಷ್ಟವಾದ ಭಾಗ ಲೈನ್ ಬಿದ್ದಾಗಿನ ನಡವಳಿಕೆ. ಬ್ರಾಡ್‌ಬ್ಯಾಂಡ್ ರೂಟರೇ ಆಫ್ ಆದರೆ ಕಷ್ಟವಿಲ್ಲ. ಪೋರ್ಟ್ ಡೌನ್ ಆಗುತ್ತದೆ, ಸ್ವಿಚ್ ಮಾಮೂಲಿ ರೂಟಿಂಗಿಗೆ ಮರಳುತ್ತದೆ. ರೂಟರ್ ಚೆನ್ನಾಗಿದ್ದು ಅದರಾಚೆಯ ಲೈನ್ ಸತ್ತರೆ ಮಾತ್ರ ಸ್ವಿಚ್ಚಿಗೆ ಗೊತ್ತೇ ಆಗುವುದಿಲ್ಲ. ಪ್ಯಾಕೆಟ್‌ಗಳು ಹೋಗಿ ಹೋಗಿ ಗುಂಡಿಗೆ ಬೀಳುತ್ತವೆ. ಇದಕ್ಕೆ ಟ್ರ್ಯಾಕಿಂಗ್ ಇದೆ. ಸ್ವಿಚ್ ಐದು ಸೆಕೆಂಡಿಗೊಮ್ಮೆ ಆಚೆಯ ಒಂದು ವಿಳಾಸಕ್ಕೆ ಪಿಂಗ್ ಮಾಡುತ್ತದೆ. ಉತ್ತರ ನಿಂತರೆ ನೆಕ್ಸ್ಟ್ ಹಾಪನ್ನು ಕೈಬಿಡುತ್ತದೆ. ಈ ಪಿಂಗ್ ಕೂಡ ಸ್ವಿಚ್ ತಾನೇ ಹುಟ್ಟಿಸಿದ ಪ್ಯಾಕೆಟ್ ಎಂಬುದನ್ನು ಮರೆಯಬಾರದು. ಅದು ಲೀಸ್ಡ್ ಲೈನಿನಲ್ಲಿ ಹೋಗಿ ‘ಎಲ್ಲ ಸರಿ ಇದೆ’ ಎಂದು ಹೇಳಿಬಿಡುತ್ತದೆ. ಹಾಗಾಗಿ ಆ ಒಂದು ವಿಳಾಸಕ್ಕೆ ಮಾತ್ರ ಬ್ರಾಡ್‌ಬ್ಯಾಂಡ್ ರೂಟರ್ ಮೂಲಕ ಹೋಗುವ ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದಿಡುವ ದಾರಿ) ಬರೆಯಬೇಕು. ಆ ವಿಳಾಸವೂ ಬೇರೆ ಯಾರಿಗೂ ಬೇಕಾಗದಂಥದ್ದಾಗಿರಲಿ. ನಾನು ಆರಿಸಿದ್ದು ಬ್ರಾಡ್‌ಬ್ಯಾಂಡ್ ಕೊಡುವವರ ಕಡೆಯ ಮೊದಲ ಗೇಟ್‌ವೇ. ಒಂದು ಶನಿವಾರ ಸಂಜೆ, ಯಾರೂ ಇಲ್ಲದಾಗ, ರೂಟರಿನ ಹೊರಗಿನ ಕೇಬಲ್ ಎಳೆದೆ. ಹದಿನೈದಿಪ್ಪತ್ತು ಸೆಕೆಂಡಿನಲ್ಲಿ ವಿಲ್ಯಾನ್ 20 ಪೂರ್ತಿ ಲೀಸ್ಡ್ ಲೈನಿಗೆ ಬಂತು. ಕೇಬಲ್ ಮತ್ತೆ ಹಾಕಿದೆ, ತಾನಾಗಿ ಹಿಂದಕ್ಕೆ ಹೋಯಿತು. ಆಮೇಲೆ ನಿಜವಾಗಿಯೂ ಆ ಲೈನ್ ನಾಲ್ಕು ಸಲ ಬಿದ್ದಿದೆ. ಮೂರು ಸಲ ಯಾರಿಂದಲೂ ಫೋನ್ ಬರಲಿಲ್ಲ.

ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6ಗೆ ಈ ಮಾಡೆಲ್ಲಿನಲ್ಲಿ ಪಿಬಿಆರ್ ಇಲ್ಲ. ನಮ್ಮಲ್ಲಿ ಇನ್ನೂ ಐಪಿವಿ4 ಮಾತ್ರ, ಹಾಗಾಗಿ ತೊಂದರೆ ಆಗಿಲ್ಲ. ನಿಮ್ಮಲ್ಲಿ ಐಪಿವಿ6 ಓಡುತ್ತಿದ್ದರೆ ಇದು ಬೇಡ, ಏಕೆಂದರೆ ಐಪಿವಿ6 ಟ್ರಾಫಿಕ್ ಎಲ್ಲ ಪಾಲಿಸಿಯ ಕೈಗೆ ಸಿಗದೆ ಡೀಫಾಲ್ಟ್ ರೂಟಿನಲ್ಲಿ ಹೋಗಿಬಿಡುತ್ತದೆ.

ಐದಕ್ಕೆ ಅಂಕ ಕೊಡುವುದಾದರೆ ಕೆಲಸಕ್ಕೆ ನಾಲ್ಕೂವರೆ, ಕೈಪಿಡಿಗೆ ಎರಡು. ಪಾಲಿಸಿ ಹಚ್ಚಿದ ಮೇಲೂ ವೇಗ ಒಂದಿಷ್ಟೂ ಕುಗ್ಗಿಲ್ಲ. ಎಂಟು ತಿಂಗಳಲ್ಲಿ ತಾನಾಗಿ ಒಮ್ಮೆಯೂ ಬೂಟ್ ಆಗಿಲ್ಲ. ಮುಂದಿನ ವಾರ ಐಪಿ ಫೋನ್‌ಗಳಿಗೆ ವಿಲ್ಯಾನ್ 40 ಸೇರಿಸಬೇಕು. ಅವಕ್ಕೆ ಲೀಸ್ಡ್ ಲೈನೇ ಸರಿ, ಪಾಲಿಸಿ ಬೇಕಿಲ್ಲ. ಆದರೂ ಟ್ರೇಸ್‌ರೂಟ್ ಹಾಕಿ ನೋಡಿಯೇ ಬಿಡುತ್ತೇನೆ. ಕನ್ಸೋಲ್ ಕೇಬಲ್ ಈಗ ರ‍್ಯಾಕಿನಲ್ಲೇ ನೇತಾಡುತ್ತಿರುತ್ತದೆ.