ಎಂಟು ವರ್ಷದ ಮಂಗಳವಾರಗಳು: ತಾಲ್ಲೂಕು ಆಸ್ಪತ್ರೆಯ ಮಾನಸಿಕ ಆರೋಗ್ಯ ಸೇವೆ, ನಮ್ಮ ಮನೆಯ ಅನುಭವ

2017ರ ಮಾರ್ಚ್‌ನಿಂದ ನಮ್ಮ ಮನೆಯವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ ನಡೆಯುತ್ತಿದೆ. ಅವರಿಗೆ ಇರುವುದು ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ಮಾತು ಕೇಳಿಸುವ, ಇಲ್ಲದ ಅನುಮಾನ ಕಾಡುವ ಮಾನಸಿಕ ಕಾಯಿಲೆ. ಈ ಹೆಸರನ್ನು ಬಾಯಿಬಿಟ್ಟು ಹೇಳಲು ನನಗೆ ಮೂರು ವರ್ಷ ಬೇಕಾಯಿತು. ಈಗ ಬಿಪಿ, ಶುಗರ್ ಅಂದ ಹಾಗೆ ಹೇಳುತ್ತೇನೆ. ಒಂದು ಸೇವೆಯನ್ನು ಇಷ್ಟು ದಿನ ಬಳಸಿದ ಮೇಲೆ ಅದರ ಒಳ್ಳೆಯದೂ ಕೊರತೆಯೂ ಗೊತ್ತಾಗುತ್ತದೆ. ಹೊಸದಾಗಿ ಈ ದಾರಿಗೆ ಬಂದ ಮನೆಗಳಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಮಗ ಇನ್ನೂ ಶಾಲೆಗೆ ಹೋಗುತ್ತಿದ್ದಾನೆ.

ಸೇವೆ ಯಾವುದು ಅಂತ ಮೊದಲು ಹೇಳುತ್ತೇನೆ. 2014ರಲ್ಲಿ ಕರ್ನಾಟಕ ಸರ್ಕಾರ ಮನೋಚೈತನ್ಯ ಅಂತ ಕಾರ್ಯಕ್ರಮ ಶುರು ಮಾಡಿತು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುತ್ತಾರೆ. ಮಾತ್ರೆ ಅಲ್ಲೇ, ದುಡ್ಡಿಲ್ಲದೆ ಸಿಗಬೇಕು. ಇದರ ಹಿಂದೆ ಇರುವುದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಅದರ ಬೇರು ನಮ್ಮ ಬಳ್ಳಾರಿಯಲ್ಲಿದೆ. 1985ರಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಬೆಂಗಳೂರಿಗೆ ಓಡಿಸದೆ ಹತ್ತಿರದಲ್ಲೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿದರು. 1996ರಲ್ಲಿ ಅದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ ಬೇರೆ ರಾಜ್ಯಗಳಲ್ಲೂ ಆರಂಭಿಸಿತು. ಇದನ್ನು ತಿಳಿದಾಗ ನನಗೆ ನಿಜವಾಗಿ ಹೆಮ್ಮೆಯಾಯಿತು.

ಹತ್ತಿರ ಇರುವುದು ಯಾಕೆ ಅಷ್ಟು ಮುಖ್ಯ ಅಂತ ನನಗೆ ಗೊತ್ತಾಗಿದ್ದು ದೂರ ಹೋಗಿ ಬಂದ ಮೇಲೆ.

ನಮ್ಮದು ತೆಂಗಿನ ಸೀಮೆ. ಕೊಬ್ಬರಿ ಮಾಡುವವರು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತೇವೆ. 2016ರಲ್ಲಿ ನಮ್ಮ ಮನೆಯವರು ಅಟ್ಟದ ಮೇಲೆ ಯಾರೋ ಕೂತು ತಮ್ಮ ಬಗ್ಗೆ ಮಾತಾಡುತ್ತಿದ್ದಾರೆ ಅನ್ನಲು ಶುರು ಮಾಡಿದರು. ರಾತ್ರಿ ಏಣಿ ಹಾಕಿ ಹತ್ತಿ ನೋಡುತ್ತಿದ್ದರು. ಆಮೇಲೆ ನಾನು ಬಡಿಸಿದ ಊಟ ಮುಟ್ಟಲಿಲ್ಲ. ಅನ್ನದಲ್ಲಿ ಏನೋ ಬೆರೆಸಿದ್ದೀಯ ಅಂದರು. ಅತ್ತೆ ತಾಯತ ಕಟ್ಟಿಸಿದರು, ಮೂರು ದೇವಸ್ಥಾನ ಸುತ್ತಿಸಿದರು. ಅವರನ್ನು ನಾನು ದೂರುವುದಿಲ್ಲ. ಪೂಜೆಯ ನಿಂಬೆಹಣ್ಣು ಹಿಡಿದುಕೊಂಡು ನಾನೂ ಹಿಂದೆ ಹೋಗಿದ್ದೆ. ಮಗನಿಗೆ ಆಗ ಆರು ವರ್ಷ.

ಕೊನೆಗೆ ನನ್ನ ಅಣ್ಣ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಚೆನ್ನಾಗಿಯೇ ನೋಡಿದರು. ಮಾತ್ರೆಯಿಂದ ನಿದ್ದೆ ಬಂತು, ಊಟ ಮಾಡಿದರು. ಆದರೆ ಬೆಳಗಿನ ಜಾವದ ರೈಲು ಹತ್ತಿ ಹೋಗಿ ರಾತ್ರಿ ವಾಪಸ್ ಬರಬೇಕಿತ್ತು. ಇಬ್ಬರ ಕೂಲಿ ಹೋಗುತ್ತಿತ್ತು. ಫೀಸು, ಮಾತ್ರೆ, ಊಟ, ಆಟೋ ಎಲ್ಲಾ ಸೇರಿ ಕೈ ಖಾಲಿ. ತಿಂಗಳಿಗೊಮ್ಮೆ ಹೋಗುತ್ತಿದ್ದವರು ಮೂರು ತಿಂಗಳಿಗೊಮ್ಮೆ ಹೋದೆವು. ಆಮೇಲೆ ನಿಂತೇ ಹೋಯಿತು. ಮಾತ್ರೆ ಕೆಲಸ ಮಾಡುತ್ತಿತ್ತು, ಅದನ್ನು ತರುವುದು ನಮ್ಮ ಕೈಲಿ ಆಗಲಿಲ್ಲ.

ಆಗ ನಮ್ಮನ್ನು ಹಿಡಿದು ನಿಲ್ಲಿಸಿದವರು ಊರಿನ ಆಶಾ ಕಾರ್ಯಕರ್ತೆ. ಪಕ್ಕದ ಮನೆಯ ಮಗುವಿನ ಲಸಿಕೆ ವಿಚಾರಕ್ಕೆ ಬಂದಿದ್ದರು. ನಮ್ಮ ಮನೆಯಲ್ಲಿ ಕೂಗಾಟ ಕೇಳಿಸಿತು. ಜನರ ಎದುರು ಏನೂ ಕೇಳಲಿಲ್ಲ. ಸಂಜೆ ಒಬ್ಬರೇ ಬಂದು ಹಿತ್ತಲಲ್ಲಿ ಕೂತರು. "ಮಂಗಳವಾರ ನಮ್ಮ ಆಸ್ಪತ್ರೆಗೇ ಡಾಕ್ಟ್ರು ಬರ್ತಾರೆ ತಂಗಿ, ನಾನೂ ಜೊತೆಗೆ ಬರ್ತೀನಿ" ಅಂದರು. ನಮ್ಮ ಮನೆಯವರಿಗೆ "ಅಣ್ಣ, ನಿದ್ದೆಗೆ ತೋರಿಸಿಕೊಂಡು ಬರೋಣ" ಅಂತ ಮಾತ್ರ ಹೇಳಿದರು. ಅದು ಸುಳ್ಳೂ ಅಲ್ಲ. ಹನ್ನೆರಡು ಕಿಲೋಮೀಟರ್ ಬಸ್ಸು. ಡಾಕ್ಟರು ಮೊದಲು ಕೇಳಿದ್ದು ಎಷ್ಟು ದಿನದಿಂದ ನಿದ್ದೆ ಇಲ್ಲ ಅಂತ. ಎರಡನೆಯದು, ತೋಟ ಎಷ್ಟಿದೆ, ಈ ಸಲ ಕಾಯಿ ಹೇಗೆ ಅಂತ. ಅದಕ್ಕೆ ಅವರು ಐದು ನಿಮಿಷ ಉತ್ತರ ಕೊಟ್ಟರು. ಎಷ್ಟೋ ತಿಂಗಳ ನಂತರ ಹೊರಗಿನವರ ಜೊತೆ ಮಾತಾಡಿದ್ದು ಅದೇ ಮೊದಲು. ನಾನು ಗೋಡೆ ಕಡೆ ತಿರುಗಿಕೊಂಡೆ.

ರಿಸ್ಪೆರಿಡೋನ್ ಮಾತ್ರೆ ಕೊಟ್ಟರು. ಎರಡನೇ ವಾರಕ್ಕೆ ನಿದ್ದೆ ಸರಿಹೋಯಿತು. ಅಟ್ಟದ ಮಾತು ಪೂರ್ತಿ ನಿಲ್ಲಲು ಎರಡು ತಿಂಗಳ ಮೇಲೆ ಆಯಿತು. ಹೊಸಬರಿಗೆ ಇದನ್ನು ಒತ್ತಿ ಹೇಳುತ್ತೇನೆ: ನಾಲ್ಕು ದಿನ ಮಾತ್ರೆ ಕೊಟ್ಟು ಏನೂ ಆಗಲಿಲ್ಲ ಅಂತ ಬಿಡಬೇಡಿ. ಅಡ್ಡ ಪರಿಣಾಮವೂ ಬಂತು. ಕೈ ನಡುಗಲು ಶುರುವಾಯಿತು. ಕಾಯಿ ಸುಲಿಯುವವರಿಗೆ ಕೈ ನಡುಗಿದರೆ ಎಷ್ಟು ಅಪಾಯ ಯೋಚಿಸಿ. ನಾವು ಹೇಳುವ ಮೊದಲೇ ಡಾಕ್ಟರು ಎರಡೂ ಕೈ ಮುಂದೆ ಚಾಚಿಸಿ ನೋಡಿ, ಟ್ರೈಹೆಕ್ಸಿಫೆನಿಡಿಲ್ ಅಂತ ಚಿಕ್ಕ ಮಾತ್ರೆ ಸೇರಿಸಿದರು. ನಡುಕ ಕಡಿಮೆಯಾಯಿತು. ತೂಕ ಮಾತ್ರ ಏರಿತು. ಹಾಗಾಗಿ ಆರು ತಿಂಗಳಿಗೊಮ್ಮೆ ಅದೇ ಕಟ್ಟಡದಲ್ಲಿ ಶುಗರ್ ಪರೀಕ್ಷೆ ಮಾಡಿಸುತ್ತೇವೆ. ಮೊದಲು ದಿನಕ್ಕೆ ಸಾವಿರದ ಹತ್ತಿರ ಕಾಯಿ ಸುಲಿಯುತ್ತಿದ್ದರು. ಈಗ ನಾನೂರು. ಮಧ್ಯಾಹ್ನ ಮಲಗುತ್ತಾರೆ. ಕೂಲಿ ಕಡಿಮೆ, ಆದರೆ ಅವರದೇ ದುಡಿಮೆ.

2019ರ ಬೇಸಿಗೆಯ ವಿಷಯ ಬರೆಯದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ. ನಾವು ಹೋಗುವ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಮಾತ್ರೆ ಮುಗಿದಿತ್ತು. "ಸ್ಟಾಕ್ ಬಂದಿಲ್ಲ, ಮುಂದಿನ ವಾರ ಬನ್ನಿ" ಅಂದರು. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಮೆಡಿಕಲ್ ಸ್ಟೋರಿನಲ್ಲಿ ಹತ್ತು ಮಾತ್ರೆ ತಂದೆ. ಅದು ಮುಗಿದ ಮೇಲೆ ಅವರೇ "ನಂಗೇನಾಗಿದೆ, ಸುಮ್ನೆ ಯಾಕೆ ದುಡ್ಡು" ಅಂದರು. ನೋಡಲು ಚೆನ್ನಾಗಿದ್ದರು. ನಾನೂ ಸುಮ್ಮನಾದೆ. ಆರು ವಾರಕ್ಕೆ ಅಟ್ಟದ ಮಾತು ವಾಪಸ್ ಬಂತು. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಚಪ್ಪಲಿ ಇದೆ, ಮನುಷ್ಯ ಇಲ್ಲ. ಎರಡು ದಿನ ಹುಡುಕಿದೆವು. ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಸಿಕ್ಕಿದರು. ಅಂಗಾಲು ಪೂರ್ತಿ ಸುಟ್ಟು ಬೊಬ್ಬೆ ಎದ್ದಿತ್ತು.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು. 2018ರ ಮೇ 29ರಿಂದ ಜಾರಿಯಲ್ಲಿದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ, ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು ಅಂತ ಅದರ 18ನೇ ಸೆಕ್ಷನ್ ಹೇಳುತ್ತದೆ. ನನಗೆ ಇದು ಗೊತ್ತಾಗುವಷ್ಟರಲ್ಲಿ ಅವರ ಅಂಗಾಲು ಸುಟ್ಟಾಗಿತ್ತು. ನಿಮಗೆ ಮೊದಲೇ ಗೊತ್ತಿರಲಿ ಅಂತ ಬರೆದಿದ್ದೇನೆ. ಇನ್ನೊಂದು ಮಾತು. ಮನೆಯಲ್ಲಿ ಯಾವಾಗಲೂ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ. ಯಾಕೆ ಬೇಕು ಅಂತ ವಿವರಿಸಿದರೆ ಡಾಕ್ಟರು ಬರೆದುಕೊಡುತ್ತಾರೆ.

ಆ ಘಟನೆಯ ನಂತರ ಫ್ಲುಫೆನಜಿನ್ ಅನ್ನುವ ಇಂಜೆಕ್ಷನ್‌ಗೆ ಬದಲಾಯಿಸಿದರು. ನಮಗೆ ತಿಂಗಳಿಗೊಮ್ಮೆ ಹಾಕುತ್ತಾರೆ. ದಿನಾ ಮಾತ್ರೆ ನುಂಗಿದ್ರಾ ಅಂತ ಕೇಳುವ ಜಗಳ ತಪ್ಪಿತು. ಗಂಡ ಹೆಂಡತಿ ಬೇರೆ ವಿಷಯ ಮಾತಾಡಲು ಶುರು ಮಾಡಿದೆವು. ಲಾಕ್‌ಡೌನ್‌ನಲ್ಲಿ ಬಸ್ಸು ನಿಂತಾಗ ಆಶಾ ಅಕ್ಕ ಮನೆ ಬಾಗಿಲಿಗೆ ಬಂದು ವಿಚಾರಿಸಿಕೊಂಡರು, ಉಪಕೇಂದ್ರದ ಸಿಸ್ಟರ್ ಇಂಜೆಕ್ಷನ್ ಹಾಕಿಸಿದರು. ದೂರದ ದೊಡ್ಡ ಆಸ್ಪತ್ರೆಯಾಗಿದ್ದರೆ ಒಂದು ತಿಂಗಳು ನಾವು ಹೋಗದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಒಂದು ಮಂಗಳವಾರ ತಪ್ಪಿದರೆ ಯಾರೋ ಒಬ್ಬರು ಯಾಕೆ ಬರಲಿಲ್ಲ ಅಂತ ಕೇಳುತ್ತಾರೆ. ಈ ಸೇವೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

ಈಗ ಮಗನ ವಿಷಯ. ಈ ಸೇವೆ ನಮಗೆ ಸಾಲದೆ ಹೋಗಿದ್ದು ಇಲ್ಲಿ.

2022ರ ಕೊನೆಯಲ್ಲಿ ಅವನಿಗೆ ಹನ್ನೆರಡು. ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ಭಾನುವಾರ ಮಾತ್ರ ನೋವಿಲ್ಲ. ಗೆಳೆಯರನ್ನು ಮನೆಗೆ ಕರೆಯುವುದು ಬಿಟ್ಟ. ಒಂದು ರಾತ್ರಿ ಪಾತ್ರೆ ತೊಳೆಯುವಾಗ ಹಿಂದೆ ಬಂದು ನಿಂತು "ನಂಗೂ ಅಪ್ಪನ ಥರ ಆಗುತ್ತಾ ಅಮ್ಮ?" ಅಂದ. ನನ್ನ ಬಳಿ ಉತ್ತರ ಇರಲಿಲ್ಲ. ಮಂಗಳವಾರ ಡಾಕ್ಟರನ್ನು ಕೇಳಿದೆ. ಹೊರಗೆ ಐವತ್ತು ಜನ ಕಾಯುತ್ತಿದ್ದರು. ಅವರಿಗೂ ಬೇಸರವಾಯಿತು. ಮಕ್ಕಳ ಜೊತೆ ಕೂತು ಮಾತಾಡಲು ಸಮಯ ಬೇಕು, ಜಿಲ್ಲಾಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞರು ಇದ್ದಾರೆ, ಅಲ್ಲಿಗೆ ಹೋಗಿ ಅಂದರು. ಮತ್ತೆ ಅದೇ ದೂರ. ಒಂದು ಸಲ ಹೋದೆವು. ಪ್ರತಿ ವಾರ ಶಾಲೆ ಬಿಡಿಸಿ ಕರೆದುಕೊಂಡು ಹೋಗಲು ಆಗಲಿಲ್ಲ.

ಕೈ ಹಿಡಿದಿದ್ದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸಹಾಯವಾಣಿ, ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಹತ್ತಕ್ಕೆ ಹಿತ್ತಲಿಗೆ ಹೋಗಿ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ನಲವತ್ತು ನಿಮಿಷ ಕೇಳಿದರು. ಮಗನಿಗೆ ಹೇಗೆ ಹೇಳಬೇಕು ಅಂತ ಒಂದೊಂದೇ ಮಾತು ಕಲಿಸಿಕೊಟ್ಟರು. ಅಪ್ಪನಿಗೆ ಇರುವುದು ಮೆದುಳಿನ ಕಾಯಿಲೆ. ನಿನ್ನಿಂದ ಬಂದಿದ್ದಲ್ಲ, ನೀನು ಗಲಾಟೆ ಮಾಡಿದ್ದಕ್ಕೆ ಜಾಸ್ತಿಯಾಗಿದ್ದೂ ಅಲ್ಲ. ಅಪ್ಪನಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ ನಿಜ, ಆದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಸುಳ್ಳು ಸಮಾಧಾನ ಹೇಳಬೇಡಿ ಅಂದರು. ಅದು ನನಗೆ ತುಂಬಾ ಹಿಡಿಸಿತು. ಮುಂದಿನ ವಾರ ಅವನೇ ಮಾತಾಡಿದ, ನಾನು ಹೊರಗೆ ಕೂತೆ. ನಾಲ್ಕು ಸಲ ಮಾತಾಡಿರಬೇಕು. ಹೊಟ್ಟೆನೋವು ಒಂದೇ ದಿನಕ್ಕೆ ಹೋಗಲಿಲ್ಲ, ಬೇಸಿಗೆ ರಜೆ ಹೊತ್ತಿಗೆ ಹೋಯಿತು. ಈಗ ಅಪ್ಪನ ಇಂಜೆಕ್ಷನ್ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವವನು ಅವನೇ.

ಹಾಗಂತ ಫೋನು ಎಲ್ಲದಕ್ಕೂ ಆಗುವುದಿಲ್ಲ. ಮಾತು ಬಾರದ ಮಗು, ಕಲಿಕೆಯಲ್ಲಿ ಹಿಂದಿರುವ ಮಗು, ಫೋನಿನಲ್ಲಿ ಹೇಗೆ ಹೇಳಿಕೊಳ್ಳುತ್ತದೆ? ಎದುರಿಗೆ ಒಬ್ಬರು ಬೇಕು, ಅಲ್ವಾ?

ಕೊರತೆಗಳಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಗುಟ್ಟು ಉಳಿಯದಿರುವುದು. ನಮ್ಮಲ್ಲಿ ಮೇಜಿನ ಹತ್ತಿರವೇ ಮುಂದಿನವರು ನಿಂತಿರುತ್ತಾರೆ. ಹೆಂಗಸರು ಮನೆಯೊಳಗಿನ ಹಿಂಸೆ, ಮುಟ್ಟು, ಬಾಣಂತನದ ಬೇಸರ ಇವನ್ನೆಲ್ಲ ಅಲ್ಲಿ ಹೇಳಿಕೊಳ್ಳಲಾರರು. ಒಂದು ಪರದೆ ಕಟ್ಟಿದರೂ ಸಾಕಿತ್ತು. ಎಂಟು ವರ್ಷದಲ್ಲಿ ಐದು ಡಾಕ್ಟರು ಬದಲಾದರು. ಪ್ರತಿ ಸಲ ಮೊದಲಿಂದ ಕಥೆ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ: ಯಾವ ಮಾತ್ರೆ, ಯಾವಾಗ ಬದಲಾಯಿತು, ಏನು ತೊಂದರೆ ಆಯಿತು. ಹೊಸ ಡಾಕ್ಟರು ಅದನ್ನೇ ಮೊದಲು ಕೇಳುತ್ತಾರೆ.

ಕಾಯುವ ಬೆಂಚಿನ ಬಗ್ಗೆ ಯಾವ ಸರ್ಕಾರಿ ಆದೇಶದಲ್ಲೂ ಬರೆದಿರುವುದಿಲ್ಲ. ಆದರೆ ನನ್ನನ್ನು ಉಳಿಸಿದ್ದು ಅದು. ಅಲ್ಲಿ ಕೂತ ಹೆಂಗಸರಿಂದಲೇ ತಿಳಿದಿದ್ದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಶೇಕಡಾ 40 ಅಥವಾ ಜಾಸ್ತಿ ಅಂತ ಪ್ರಮಾಣಪತ್ರ ಸಿಕ್ಕರೆ ಸವಲತ್ತುಗಳಿಗೆ ಅರ್ಜಿ ಹಾಕಬಹುದು ಅಂತ. ನಮ್ಮ ಮನೆಯವರು ಮೊದಲು ಒಪ್ಪಲಿಲ್ಲ. ಒಂದು ವರ್ಷ ಬಿಟ್ಟು ಅವರೇ ಫೋಟೊ ತೆಗೆಸಿಕೊಂಡು ಬಂದರು. ಒತ್ತಾಯ ಮಾಡದೆ ಕಾದಿದ್ದು ಒಳ್ಳೆಯದಾಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನನ್ನ ಬಸ್ ಚಾರ್ಜೂ ಉಳಿಯಿತು.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ ಮಾಡಿತ್ತು. ವಯಸ್ಕರಲ್ಲಿ ಶೇಕಡಾ 10.6 ಜನರಿಗೆ ಯಾವುದಾದರೂ ಒಂದು ಮಾನಸಿಕ ತೊಂದರೆ ಇದೆ ಅಂತ ಅದರಲ್ಲಿದೆ. ನಮ್ಮ ಬೀದಿಯಲ್ಲಿ ಅರವತ್ತು ಮನೆ. ಮಂಗಳವಾರ ಬಸ್ಸು ಹತ್ತುವುದು ನಾವೊಬ್ಬರೇ. ಉಳಿದವರು ಎಲ್ಲಿ? ಈ ಬರಹ ಅವರಿಗೆ ಮುಟ್ಟಲಿ ಅಂತಲೇ ನನ್ನ ಆಸೆ. ಐದು ನಕ್ಷತ್ರದಲ್ಲಿ ಎಷ್ಟು ಕೊಡುತ್ತೀರಿ ಅಂದರೆ ದೊಡ್ಡವರ ಚಿಕಿತ್ಸೆಗೆ ನಾಲ್ಕು, ಮಕ್ಕಳ ವಿಷಯಕ್ಕೆ ಎರಡು. ಹೋಗುವವರು ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಡಾಕ್ಟರು ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ. ಒಂಬತ್ತು ಗಂಟೆಗೆಲ್ಲ ಓಪಿ ಚೀಟಿ ಮಾಡಿಸಿ. ತಿಂಡಿ ತಿಂದು ಹೋಗಿ, ನೀರಿನ ಬಾಟಲಿ ಇರಲಿ.

ತಿಂಗಳಿಗೆ ಒಂದು ಮಂಗಳವಾರವಾದರೂ ಮಕ್ಕಳ ಆಪ್ತಸಮಾಲೋಚಕರು ನಮ್ಮ ಆಸ್ಪತ್ರೆಗೇ ಬರಬೇಕು, ಒಂದು ಪರದೆ ಬೇಕು ಅಂತ ಬೆಂಚಿನ ಮೇಲೆ ಕೂರುವ ನಾವು ಹನ್ನೊಂದು ಮನೆಯವರು ಅರ್ಜಿ ಬರೆದಿದ್ದೇವೆ. ಅಕ್ಷರ ಮಗನದು. ಸಹಿ ಎಲ್ಲಾ ಆಗಿದೆ. ಬರುವ ಮಂಗಳವಾರ ಆಸ್ಪತ್ರೆಯ ಆಗುಹೋಗು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಗೆ ಕೊಡುತ್ತೇವೆ.